ಶಾಂತಿ ಸಭೆಯಲ್ಲಿ ಹುಡುಗರಿಗೆ ಕುರ್ಚಿ ಇಲ್ಲ

(ಕೊಪ್ಪಳ ಜಿಲ್ಲೆಯ ಹಿಟ್ನಾಳದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ದತ್ತಿಯ ಕರಾರಿನಲ್ಲಿ ವಿಷಯ ‘ಯುವಜನ ಮತ್ತು ಸಮಾಜ’ ಎಂದಷ್ಟೇ ಇದೆ. ಈ ವಿಷಯಕ್ಕೆ ಕರೆಸಿದವರು ಸಾಮಾನ್ಯವಾಗಿ ವಿವೇಕಾನಂದರಿಂದ ಹೊರಟು ಮೊಬೈಲಿನ ಹಾವಳಿಗೆ ಬಂದು ಮುಟ್ಟುತ್ತಾರೆ. ನಾನು ಎರಡನ್ನೂ ಬಿಟ್ಟು ಪೊಲೀಸ್ ಠಾಣೆಯ ಅಂಗಳದಿಂದ ಶುರುಮಾಡುತ್ತೇನೆ.

ಗಣೇಶನ ಹಬ್ಬ ಹತ್ತಿರ ಬಂತು, ಮೊಹರಂ ಬಂತು ಎಂದರೆ ನಮ್ಮ ಠಾಣೆಗಳಲ್ಲಿ ಶಾಂತಿ ಸಭೆ ಕರೆಯುತ್ತಾರೆ. ನೀವೆಲ್ಲ ನೋಡಿದ್ದೀರಿ, ಹಲವರು ಕೂತೂ ಬಂದಿದ್ದೀರಿ. ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಮೊದಲ ಸಾಲಿನಲ್ಲಿ ಎಲ್ಲ ಸಮಾಜಗಳ ಮುಖಂಡರು, ಹಿಂದಿನ ಸಾಲಿನಲ್ಲಿ ಪಂಚಾಯಿತಿ ಸದಸ್ಯರು. ಮೆರವಣಿಗೆ ಯಾವ ದಾರಿಯಲ್ಲಿ ಹೋಗಬೇಕು, ಡಿಜೆ ಎಷ್ಟು ಹೊತ್ತಿಗೆ ಬಂದ್ ಆಗಬೇಕು ಎಂದು ಪಿಎಸ್‌ಐ ಸಾಹೇಬರು ಹೇಳುತ್ತಾರೆ. ಹಿರಿಯರೊಬ್ಬರು ಎದ್ದು, “ನಮ್ಮೂರಾಗ ಹಂತಾದ್ದೇನಿಲ್ರೀ ಸಾಹೇಬ್ರ, ಎಲ್ಲಾರೂ ಅಣ್ತಮ್ಮರಂಗ ಅದೀವಿ” ಅನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ, ಚಹಾ ಬರುತ್ತದೆ. ಯಾರ ಅಂಜಿಕೆಗೆ ಈ ಸಭೆ ಕರೆದಿದ್ದಾರೋ ಆ ಹುಡುಗರು ಕಾಂಪೌಂಡಿನ ಆಚೆ ಬೈಕಿನ ಮೇಲೆ ಕೂತಿರುತ್ತಾರೆ. ಹುಡುಗಿಯರಂತೂ ಸುತ್ತಮುತ್ತ ಎಲ್ಲೂ ಇರುವುದಿಲ್ಲ.

ಜಗಳದಲ್ಲಿ ಮುಂದೆ ನಿಲ್ಲುವವರು, ತಲೆ ಒಡೆಸಿಕೊಳ್ಳುವವರು, ಕೇಸು ಮೈಮೇಲೆ ಹಾಕಿಕೊಂಡು ಕೋರ್ಟಿಗೆ ಅಲೆಯುವವರು ಮೂವತ್ತು ದಾಟದ ಬಡವರ ಮಕ್ಕಳು. ಶಾಂತಿ ಮಾತಾಡುವವರು ಐವತ್ತು ದಾಟಿದವರು. ಈ ಅಂತರ ಉಳಿದಿರುವವರೆಗೂ ಠಾಣೆಯ ಅಂಗಳದಲ್ಲಿ ಆಗುವುದು ಬಂದೋಬಸ್ತಿನ ತಯಾರಿಯೇ ಹೊರತು ಶಾಂತಿಯ ಕೆಲಸವಲ್ಲ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ. ಇನ್ನುಳಿದ ಮಾತೆಲ್ಲ ಇದಕ್ಕೆ ಪುರಾವೆ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. 2022ರ ಆಗಸ್ಟ್ 11ರಂದು ಹುಲಿಹೈದರಿನಲ್ಲಿ ಎರಡು ಸಮುದಾಯಗಳ ನಡುವೆ ಹೊಡೆದಾಟವಾಗಿ ಎರಡು ಹೆಣ ಬಿದ್ದವು, ಆ ಕಡೆ ಒಂದು, ಈ ಕಡೆ ಒಂದು. ಸತ್ತವರಲ್ಲಿ ಒಬ್ಬ ಇಪ್ಪತ್ತರ ಹರೆಯದವನು. ಅದು ಮೊಹರಂ ಆಗಷ್ಟೇ ಮುಗಿದ ವಾರ. ಮೊಹರಂ ಅಂದರೆ ನಮ್ಮ ಭಾಗದಲ್ಲಿ ಯಾರ ಹಬ್ಬ ಎಂದು ನಿಮಗೆ ಹೇಳಬೇಕಾಗಿಲ್ಲ. ಒಂದೇ ಒಂದು ಮುಸ್ಲಿಂ ಮನೆ ಇಲ್ಲದ ಊರಿನಲ್ಲೂ ಅಲಾಯಿ ದೇವರು ಕೂಡುತ್ತವೆ. ಕುಣಿ ತೋಡುವವರೊಬ್ಬರು, ದೇವರು ಹೊರುವವರೊಬ್ಬರು, ಹುಲಿವೇಷ ಹಾಕುವವರೊಬ್ಬರು, ರಿವಾಯತ ಹಾಡುವವರು ಇನ್ನೊಬ್ಬರು. ಇಂಥ ನೆಲದಲ್ಲಿ, ಇಂಥದೇ ವಾರದಲ್ಲಿ ಅದು ನಡೆಯಿತು. ಹಿಂದಿನವರು ಕಟ್ಟಿಕೊಟ್ಟ ಸಾಮರಸ್ಯ ಇದೆಯಲ್ಲ ಎಂದು ನಾವು ನೆಮ್ಮದಿಯಿಂದ ಕೂರುವಂತಿಲ್ಲ. ಹೆಜ್ಜೆಮೇಳದಲ್ಲಿ ಜತೆಗೆ ಕುಣಿದ ಹುಡುಗರಿಗೆ ವರ್ಷದ ಉಳಿದ ದಿನಗಳಲ್ಲಿ ಜತೆಗೆ ಮಾಡುವ ಕೆಲಸವೇ ಇಲ್ಲದಿದ್ದರೆ ಆ ಕುಣಿತ ಎಷ್ಟು ದಿನ ಕಾಪಾಡೀತು?

ಇನ್ನು ಮರಕುಂಬಿ. ಈ ಹೆಸರು ಎತ್ತಿದರೆ ಸಭೆಯಲ್ಲಿ ಕೆಲವರು ಮಿಸುಕಾಡುತ್ತಾರೆ. ಎತ್ತದೆ ಕೊಪ್ಪಳ ಜಿಲ್ಲೆಯಲ್ಲಿ ನಿಂತು ಶಾಂತಿಯ ಬಗ್ಗೆ ಮಾತಾಡುವುದು ಸುಳ್ಳು ಮಾತಾಡಿದಂತೆ. ಗಂಗಾವತಿ ತಾಲ್ಲೂಕಿನ ಆ ಊರಿನಲ್ಲಿ ಹೋಟೆಲಿನೊಳಗೆ, ಕ್ಷೌರದಂಗಡಿಯೊಳಗೆ ದಲಿತರನ್ನು ಬಿಟ್ಟುಕೊಳ್ಳುವುದಿಲ್ಲ ಎಂಬ ತಕರಾರು ಮೊದಲಿನಿಂದ ಹೊಗೆಯಾಡುತ್ತಿತ್ತು. 2014ರ ಆಗಸ್ಟ್ 28ರಂದು ಗಂಗಾವತಿಯ ಚಿತ್ರಮಂದಿರದಲ್ಲಿ ಹುಡುಗರ ನಡುವೆ ಎದ್ದ ಜಗಳದ ಸುದ್ದಿ ಊರು ಮುಟ್ಟಿದ್ದೇ ನೆಪವಾಯಿತು. ದಲಿತರ ಕೇರಿಗೆ ನುಗ್ಗಿ ಹೊಡೆದರು, ಗುಡಿಸಲುಗಳಿಗೆ ಬೆಂಕಿ ಹಚ್ಚಿದರು. ಹತ್ತು ವರ್ಷ ಕೇಸು ನಡೆಯಿತು. 2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಶಿಕ್ಷೆ ವಿಧಿಸಿತು. ಜಾತಿ ದೌರ್ಜನ್ಯದ ಒಂದೇ ಪ್ರಕರಣದಲ್ಲಿ ಇಷ್ಟು ಜನರಿಗೆ ಜೀವಾವಧಿಯಾದದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಮುಂದಿನ ತಿಂಗಳೇ ಧಾರವಾಡದ ಹೈಕೋರ್ಟ್ ಪೀಠ ಬಹುತೇಕರಿಗೆ ಜಾಮೀನು ಕೊಟ್ಟಿತು. ಜಾಮೀನು ಎಂದರೆ ಖುಲಾಸೆಯಲ್ಲ, ಅದು ನಿಮಗೆ ಗೊತ್ತು.

ತೀರ್ಪು ಬೇಕಿತ್ತು, ಬಂತು. ಅದರಲ್ಲಿ ನನಗೆ ಎರಡು ಮಾತಿಲ್ಲ. ಬೆಂಕಿ ಇಟ್ಟವರ ಜತೆ ‘ಆದದ್ದಾಯಿತು ಹೋಗಲಿ’ ಎಂದು ಕೂಡಿಸಿ ರಾಜಿ ಮಾಡಿಸುವುದನ್ನು ಶಾಂತಿ ಎನ್ನುವವರು ಬೆಂಕಿಗೆ ಸಿಕ್ಕ ಮನೆಯಲ್ಲಿ ಒಂದು ರಾತ್ರಿ ಮಲಗಿ ಬರಲಿ. ನಾನು ಯೋಚಿಸುವುದು ಬೇರೆ. ಅಂದು ಐದನೇ ಇಯತ್ತೆ ಓದುತ್ತಿದ್ದ ಹುಡುಗ ತೀರ್ಪು ಬಂದಾಗ ಇಪ್ಪತ್ತು ದಾಟಿದ್ದ. ಒಬ್ಬ ತನ್ನ ಗುಡಿಸಲು ಉರಿದದ್ದನ್ನು ಕಂಡು ಬೆಳೆದ. ಇನ್ನೊಬ್ಬ ಅಪ್ಪನನ್ನು ತಾರೀಖಿನಿಂದ ತಾರೀಖಿಗೆ ಕೋರ್ಟಿಗೆ ಕಳಿಸುತ್ತ ಬೆಳೆದ. ಅದೇ ಊರು, ಅದೇ ಬಸ್ ನಿಲ್ದಾಣ. ಆ ಹತ್ತು ವರ್ಷಗಳಲ್ಲಿ ಈ ಇಬ್ಬರನ್ನು ಒಂದು ಕಡೆ ಕೂಡಿಸುವ ಕೆಲಸ ಯಾರ ಖಾತೆಯಲ್ಲಿತ್ತು? ಕೋರ್ಟಿನ ಕೆಲಸ ಅದಲ್ಲ, ಪೊಲೀಸರದ್ದೂ ಅಲ್ಲ. ಶಿಕ್ಷಣ ಇಲಾಖೆಗೆ, ಸಮಾಜ ಕಲ್ಯಾಣಕ್ಕೆ, ಯುವಜನ ಸೇವಾ ಇಲಾಖೆಗೆ ಕೇಳಿ ನೋಡಿ, ಪ್ರತಿಯೊಬ್ಬರೂ ಪಕ್ಕದ ಕಚೇರಿಯತ್ತ ಬೆರಳು ತೋರಿಸುತ್ತಾರೆ.

ಕ್ಷೌರದಂಗಡಿಯ ಮಾತು ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. 2024ರ ಆಗಸ್ಟ್‌ನಲ್ಲಿ ಯಲಬುರ್ಗಾ ತಾಲ್ಲೂಕಿನ ಸಂಗನಾಳದಲ್ಲಿ ಕ್ಷೌರಕ್ಕೆ ಹೋದ ದಲಿತ ಯುವಕನೊಬ್ಬ ಅಂಗಡಿಯಲ್ಲೇ ಎದ್ದ ಜಗಳದಲ್ಲಿ ಕತ್ತರಿಯ ಇರಿತಕ್ಕೆ ಸಿಕ್ಕು ಸತ್ತ. ಕೊಲೆಯ ಆರೋಪ ಕ್ಷೌರ ಮಾಡುವವನ ಮೇಲೆ ಬಂತು. 2025ರ ಆರಂಭದಲ್ಲಿ ನಮ್ಮದೇ ತಾಲ್ಲೂಕಿನ ಮುದ್ದಾಬಳ್ಳಿಯಲ್ಲಿ ಕ್ಷೌರದಂಗಡಿಗಳು ಬಾಗಿಲು ಹಾಕಿದ್ದು ಪತ್ರಿಕೆಗಳಲ್ಲಿ ಬಂತು. ತೆರೆದಿಟ್ಟರೆ ದಲಿತರ ತಲೆಯನ್ನೂ ಮುಟ್ಟಬೇಕಾಗುತ್ತದೆ, ಅದಕ್ಕೆ ಅಂಗಡಿ ಮುಚ್ಚಿ ಉಳಿದವರ ಮನೆಗೇ ಹೋಗಿ ಕ್ಷೌರ ಮಾಡಿಬರುವುದು. ದಲಿತ ಹುಡುಗರು ಬೈಕ್ ಹತ್ತಿ ಕೊಪ್ಪಳಕ್ಕೆ ಹೋಗಬೇಕಾಗಿತ್ತು.

ಹಳ್ಳಿಯ ಕಟಿಂಗ್ ಅಂಗಡಿಯನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಎತ್ತರಿಸಿ ಇಳಿಸುವ ಒಂದೇ ಕುರ್ಚಿ, ಎದುರುಬದುರು ಕನ್ನಡಿ, ಗೋಡೆಗೆ ಅಪ್ಪು, ಯಶ್ ಚಿತ್ರ, ಹಲಗೆಯ ಮೇಲೆ ಸ್ನೋ ಡಬ್ಬಿ, ಪೌಡರ್ ಡಬ್ಬಿ. ಭಾನುವಾರ ಬೆಳಿಗ್ಗೆ ಊರಿನ ಹುಡುಗರೆಲ್ಲ ಅಲ್ಲಿ. ಊರ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಹೋಗದವನು, ಗುಡಿಗೆ ಹೋಗದವನು, ಶಾಲೆ ಬಿಟ್ಟವನು, ಎಲ್ಲರೂ ಅಲ್ಲಿಗೆ ಬರುತ್ತಾರೆ. ಊರಿನ ಯುವಕ ಸಂಘದ ಅಸಲು ಕಚೇರಿ ಅದೇ. ಆ ಕುರ್ಚಿಯಲ್ಲಿ ಕೂರಬಾರದವನು ಊರಿನ ಹುಡುಗರ ಲೆಕ್ಕದಲ್ಲೇ ಇಲ್ಲ ಎಂದ ಹಾಗೆ.

ಅಂಗಡಿಯವನ ಮಗ್ಗುಲನ್ನೂ ನೋಡಬೇಕು. ಹಡಪದ ಸಮಾಜದ ಹುಡುಗ ಸಾಲ ಮಾಡಿ ಕುರ್ಚಿ ತಂದಿರುತ್ತಾನೆ. “ಅವ್ರ ತಲಿ ಮುಟ್ಟಿದ್ರ ನಾವ್ಯಾರೂ ಬರಂಗಿಲ್ಲ ನೋಡು” ಎಂಬ ಮಾತು ಒಂದು ಸಲ ಅವನ ಕಿವಿಗೆ ಬಿದ್ದರೆ ಸಾಕು, ಹೊಟ್ಟೆಯ ಪ್ರಶ್ನೆಯಾಯಿತು. ಕತ್ತರಿ ಹಿಡಿದವನೂ ಬಡವ, ಹೊರಗೆ ನಿಂತವನೂ ಬಡವ. ಈ ಕಟ್ಟಳೆ ಮಾಡಿದವರು ಆ ಹೊತ್ತಿನಲ್ಲಿ ಅಂಗಡಿಯ ಹತ್ತಿರವೂ ಇರುವುದಿಲ್ಲ, ಎಫ್‌ಐಆರ್‌ನಲ್ಲೂ ಇರುವುದಿಲ್ಲ. ಎಲ್ಲಿಯೋ ಶಾಂತಿ ಸಭೆಯ ಮೊದಲ ಸಾಲಿನಲ್ಲಿ ಇದ್ದರೂ ಇರಬಹುದು! ದಲಿತರಿಗಾಗಿ ಸರ್ಕಾರವೇ ಕ್ಷೌರದಂಗಡಿ ತೆರೆಯಲಿ ಎಂಬ ಪ್ರಸ್ತಾಪ ಹಿಂದೊಮ್ಮೆ ಬಂದಿತ್ತು. ಸದುದ್ದೇಶವೇ ಇರಬಹುದು. ಆದರೆ ಬೇಲಿಗೆ ಸರ್ಕಾರಿ ಬಣ್ಣ ಹಚ್ಚುವ ಕೆಲಸ ಅದು.

ಕುಷ್ಟಗಿ ತಾಲ್ಲೂಕಿನ ಮಿಯ್ಯಾಪುರವನ್ನು ಮರೆಯುವ ಹಾಗಿಲ್ಲ. 2021ರ ಸೆಪ್ಟೆಂಬರಿನಲ್ಲಿ, ಹುಟ್ಟುಹಬ್ಬದ ದಿನ ಅಪ್ಪನ ಜತೆ ಆಂಜನೇಯನ ಗುಡಿಯ ಹೊರಗೆ ಕೈಮುಗಿಯಲು ಬಂದಿದ್ದ ಎರಡು ವರ್ಷದ ದಲಿತ ಕೂಸು, ಮಳೆ ಹನಿದಾಗ, ಗುಡಿಯೊಳಗೆ ಓಡಿತು. ಮೈಲಿಗೆ ಕಳೆಯಲು ಸುಮಾರು 25 ಸಾವಿರ ರೂಪಾಯಿ ಕೊಡಬೇಕೆಂದು ಊರಿನ ಕೆಲವರು ಕೂತು ತೀರ್ಮಾನಿಸಿದರು. ಪೊಲೀಸರು, ಅಧಿಕಾರಿಗಳು ಊರಿಗೆ ಬಂದು ಸಭೆ ಮಾಡಿದರು, ಕೆಲವರ ಬಂಧನವೂ ಆಯಿತು. ಮರುವರ್ಷ ರಾಜ್ಯ ಸರ್ಕಾರ ಆ ಮಗುವಿನ ಹೆಸರಿನಲ್ಲೇ ‘ವಿನಯ ಸಾಮರಸ್ಯ’ ಎಂಬ ಯೋಜನೆ ತಂದಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಅಸ್ಪೃಶ್ಯತೆಯ ವಿರುದ್ಧ ಅರಿವು ಮೂಡಿಸುವುದು ಅದರ ಗುರಿ. ಕರ್ನಾಟಕದ ಒಂದು ಶಾಂತಿ ಯೋಜನೆಗೆ ನಮ್ಮ ಜಿಲ್ಲೆಯ ಕೂಸಿನ ಹೆಸರಿದೆ. ಇದಕ್ಕೆ ಹೆಮ್ಮೆ ಪಡಬೇಕೋ ತಲೆ ತಗ್ಗಿಸಬೇಕೋ ನೀವೇ ಹೇಳಿ. ನನ್ನ ತಕರಾರು ಹೆಸರಿನದಲ್ಲ, ವಿಧಾನದ್ದು. ಬೀದಿನಾಟಕ, ಗೋಡೆಬರಹ, ಅಧಿಕಾರಿಗಳ ಭಾಷಣ, ಸಹಭೋಜನ, ಫೋಟೊ. ಅರಿವು ಒಂದೇ ದಿನದಲ್ಲಿ ಮೂಡಿ, ಶಾಮಿಯಾನ ಬಿಚ್ಚುವ ಹೊತ್ತಿಗೆ ಮುಳುಗುತ್ತದೆ. ಕಾಯ್ದೆಯನ್ನು ಹೇಳಿಕೊಡುವುದು ಸರಿ. ಸಂವಿಧಾನದ 17ನೇ ವಿಧಿ ಎಲ್ಲರಿಗೂ ಗೊತ್ತಿರಲೇಬೇಕು. ಆದರೆ ಗೊತ್ತಿಲ್ಲದೆ ಮಾಡುವವರಿಗಿಂತ ಗೊತ್ತಿದ್ದೂ ಮಾಡುವವರೇ ಹೆಚ್ಚು.

ಶಾಂತಿ ಎಂದರೇನು ಎಂದು ಇಲ್ಲಿ ಸ್ವಲ್ಪ ಯೋಚಿಸೋಣ. ನಾರ್ವೆಯ ಯೋಹಾನ್ ಗಾಲ್ಟುಂಗ್ ಶಾಂತಿಯ ಅಧ್ಯಯನವನ್ನೇ ಒಂದು ಶಾಸ್ತ್ರವಾಗಿ ಬೆಳೆಸಿದವರು. 2024ರಲ್ಲಿ ತೀರಿಕೊಂಡರು. ಹೊಡೆದಾಟ ನಿಂತಿತೆಂದ ಮಾತ್ರಕ್ಕೆ ಹಿಂಸೆ ನಿಂತಿಲ್ಲ, ವ್ಯವಸ್ಥೆಯೇ ಒಬ್ಬನ ಬಾಳನ್ನು ಕುಗ್ಗಿಸುತ್ತಿದ್ದರೆ ಅದೂ ಹಿಂಸೆಯೇ ಎಂದು 1969ರಲ್ಲಿ ಬರೆದರು. ನಮ್ಮ ದಲಿತ ಚಳವಳಿ ಇದನ್ನು ಅವರಿಂದ ಕಲಿಯಬೇಕಾಗಿರಲಿಲ್ಲ. ಆದರೂ ಹೇಳಿದ್ದೇನೆ, ಏಕೆಂದರೆ ವಿದೇಶದವರು ಹೇಳಿದರೆ ನಮ್ಮವರು ಬೇಗ ನಂಬುತ್ತಾರೆ. 2015ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2250ನೇ ನಿರ್ಣಯ ಮಾಡಿತು. 18ರಿಂದ 29 ವರ್ಷದವರನ್ನು ಗಲಭೆಯ ಮೂಲ ಎಂದು ಕಾಣುವುದು ಬಿಟ್ಟು, ಶಾಂತಿ ಕಟ್ಟುವ ಮಾತುಕತೆಗಳಲ್ಲಿ ಅವರಿಗೆ ಜಾಗ ಕೊಡಿ ಎಂದು ಎಲ್ಲ ದೇಶಗಳಿಗೆ ಹೇಳಿತು. ನಮ್ಮ ಕಡೆ ಯುವ ಘಟಕದ ಅಧ್ಯಕ್ಷರಿಗೇ ನಲವತ್ತೈದು ವರ್ಷ. ನಿರ್ಣಯ ಹಿಟ್ನಾಳದವರೆಗೆ ಬರಲು ಇನ್ನೂ ಹೊತ್ತಿದೆ.

ಜಾಗ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಬ್ಬ ಕನ್ನಡಿಗರನ್ನೇ ನೆನೆಯಬೇಕು. ಎಸ್.ಎನ್. ಸುಬ್ಬರಾವ್. 1929ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಹದಿಮೂರನೆಯ ವಯಸ್ಸಿನಲ್ಲಿ ಗೋಡೆಯ ಮೇಲೆ ‘ಕ್ವಿಟ್ ಇಂಡಿಯಾ’ ಬರೆದು ಬಂಧನಕ್ಕೊಳಗಾದವರು. ಡಾ. ನಾ.ಸು. ಹರ್ಡೀಕರರು ಕಟ್ಟಿದ ಸೇವಾದಳದಲ್ಲಿ ಪಳಗಿದವರು. ಉತ್ತರ ಭಾರತದಲ್ಲಿ ಎಲ್ಲರಿಗೂ ‘ಭಾಯೀಜಿ’. ಖಾಕಿ ಅರ್ಧ ಚಡ್ಡಿ, ಬಿಳಿ ಖಾದಿ ಅಂಗಿ, ಕೊನೆಯವರೆಗೂ ಅದೇ ಉಡುಪು. ದರೋಡೆಕೋರರ ನಾಡಾಗಿದ್ದ ಚಂಬಲ್ ಕಣಿವೆಗೆ ಹೋಗಿ ಅವರು ಮೊದಲು ಮಾಡಿದ್ದು ಭಾಷಣವಲ್ಲ, ಯುವಕರ ಶಿಬಿರ. ಬೆಳಿಗ್ಗೆ ಗುದ್ದಲಿ ಬುಟ್ಟಿ ಹಿಡಿದು ಶ್ರಮದಾನ, ಸಂಜೆ ಸರ್ವಧರ್ಮ ಪ್ರಾರ್ಥನೆ. ಬೇರೆ ಬೇರೆ ರಾಜ್ಯದ, ಜಾತಿಯ, ಧರ್ಮದ ಹುಡುಗರು ಕೂಡಿಯೇ ದುಡಿಯಬೇಕು, ಕೂಡಿಯೇ ಉಣ್ಣಬೇಕು. ಜೌರಾದಲ್ಲಿ ಗಾಂಧಿ ಸೇವಾಶ್ರಮ ಕಟ್ಟಿಕೊಂಡು ಅಲ್ಲೇ ನೆಲೆಸಿದರು. ವರ್ಷಗಟ್ಟಲೆ ಹೀಗೆ ಬೇರು ಬಿಟ್ಟ ಮೇಲೆ, 1972ರ ಏಪ್ರಿಲ್‌ನಲ್ಲಿ, ಅದೇ ಆಶ್ರಮದಲ್ಲಿ ಜಯಪ್ರಕಾಶ ನಾರಾಯಣರ ಎದುರು ಮೋಹರ್ ಸಿಂಗ್, ಮಾಧೋ ಸಿಂಗ್ ಮುಂತಾದವರ ತಂಡಗಳು ಬಂದೂಕು ಕೆಳಗಿಟ್ಟವು.

ಈ ಕಥೆಯನ್ನು ಹೇಳುವವರು ಬಂದೂಕು ಇಟ್ಟ ದಿನವನ್ನಷ್ಟೇ ಹೇಳುತ್ತಾರೆ. ನನಗೆ ಮುಖ್ಯವೆನ್ನಿಸುವುದು ಅದಕ್ಕೆ ಮುಂಚಿನ ವರ್ಷಗಳು. ಸುದ್ದಿಯಾಗದ ಶಿಬಿರಗಳು, ಯಾರೂ ಬರೆದಿಡದ ರಸ್ತೆ ಕೆಲಸ. ಇನ್ನೊಂದು ಮಾತು: ಬಂದೂಕು ಇಟ್ಟವರು ಜೈಲಿಗೆ ಹೋದರು, ಶಿಕ್ಷೆ ಅನುಭವಿಸಿದರು. ಕ್ಷಮೆಯ ಹೆಸರಿನಲ್ಲಿ ಕಾನೂನನ್ನು ಬದಿಗಿಡಲಿಲ್ಲ. ನ್ಯಾಯ ಒಂದು ಕೈಯಲ್ಲಿ, ಪುನರ್ವಸತಿ ಇನ್ನೊಂದು ಕೈಯಲ್ಲಿ. ಮರಕುಂಬಿಯಲ್ಲಿ ನಮಗೆ ಮೊದಲನೆಯದು ಸಿಕ್ಕಿತು, ಎರಡನೆಯದನ್ನು ಕೇಳುವವರೇ ಇಲ್ಲ. ಸುಬ್ಬರಾವ್ 2021ರ ಅಕ್ಟೋಬರ್ 27ರಂದು ತೀರಿಕೊಂಡರು. ಅವರು ಹುಟ್ಟಿದ ನಾಡಿನ ಶಾಲಾ ಮಕ್ಕಳಿಗೆ ಅವರ ಹೆಸರು ಗೊತ್ತಿಲ್ಲದಿರುವುದು ನಾಚಿಕೆಯ ಸಂಗತಿ.

ಇನ್ನೊಂದು ಉದಾಹರಣೆ ದೂರದ್ದು. ಆಫ್ರಿಕಾದ ಕೆನ್ಯಾದಲ್ಲಿ, ನೈರೋಬಿಯ ಮಥಾರೆ ಎಂಬ ದೊಡ್ಡ ಕೊಳೆಗೇರಿಯಲ್ಲಿ, 1987ರಲ್ಲಿ ಹುಡುಗರ ಒಂದು ಕ್ರೀಡಾ ಸಂಘ ಹುಟ್ಟಿತು. ಫುಟ್ಬಾಲ್ ಲೀಗು. ಆದರೆ ಪಂದ್ಯ ಗೆದ್ದರಷ್ಟೇ ಅಂಕವಲ್ಲ. ತಂಡದವರು ಕೂಡಿ ಕೇರಿಯ ಕಸ ಎತ್ತಿದರೆ, ಚರಂಡಿ ತೆಗೆದರೆ ಅದಕ್ಕೂ ಅಂಕ, ಅದೂ ಲೀಗಿನ ಪಟ್ಟಿಗೇ ಸೇರುತ್ತದೆ. ಮೈದಾನದಲ್ಲಿ ಸೋತವರು ಚರಂಡಿಯಲ್ಲಿ ಗೆದ್ದು ಮೇಲೇರಬಹುದು. ಹೆಣ್ಣುಮಕ್ಕಳ ತಂಡಗಳೂ ಬಂದವು. ಸಂಘದ ಆಡಳಿತ ನಡೆಸುವವರೂ ಬಹುಪಾಲು ಆಡುವ ಹುಡುಗರೇ. ಇದನ್ನು ಓದಿದಾಗ ನನಗೆ ಹಿರೇಹಳ್ಳ ನೆನಪಾಯಿತು.

2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಹೂಳು, ಜಾಲಿ, ಆಪು ತುಂಬಿ ಮುಚ್ಚಿಹೋಗಿದ್ದ ಹಿರೇಹಳ್ಳವನ್ನು ಸುಮಾರು 26 ಕಿಲೋಮೀಟರ್ ಉದ್ದಕ್ಕೆ ಸ್ವಚ್ಛ ಮಾಡಿಸಿದ್ದನ್ನು ನೀವು ಕಂಡಿದ್ದೀರಿ. ತಾವೇ ನೀರಿಗಿಳಿದರು. ಅವರನ್ನು ಕಂಡು ಹಳ್ಳಿಗಳ ಯುವಕರು ಇಳಿದರು. ಹಳ್ಳದ ಕೆಸರಿಗೆ ಯಾರ ಜಾತಿಯೂ ಗೊತ್ತಾಗಲಿಲ್ಲ. ಆಮೇಲೆ ಕುಷ್ಟಗಿಯ ನಿಡಶೇಸಿ ಕೆರೆಯಲ್ಲೂ ಅದೇ ಆಯಿತು. ನಾನು ಮಠಗಳನ್ನು ಸುಮ್ಮಸುಮ್ಮನೆ ಹೊಗಳುವವನಲ್ಲ. ಆದರೆ ಈ ಜಿಲ್ಲೆಯಲ್ಲಿ ಸಾವಿರಾರು ಹುಡುಗರನ್ನು ಒಂದೇ ಕೆಲಸಕ್ಕೆ ಹಚ್ಚಿದ ಇತ್ತೀಚಿನ ಉದಾಹರಣೆ ಬೇರೆ ತೋರಿಸಿ ಎಂದರೆ ನನ್ನ ಬಳಿ ಇಲ್ಲ. ಕೊರತೆ ಎಲ್ಲಿದೆ ಎಂದರೆ, ಹಳ್ಳ ಹರಿಯಿತು, ಹುಡುಗರು ಮನೆಗೆ ಹೋದರು. ಆ ತಂಡಗಳು ತಂಡಗಳಾಗಿಯೇ ಉಳಿಯಲಿಲ್ಲ. ಕೆಸರಿನಲ್ಲಿ ಜತೆಗೆ ನಿಂತವರು ಮರುದಿನ ಕ್ಷೌರದಂಗಡಿಗೆ ಜತೆಗೆ ಹೋಗಲಿಲ್ಲ. ಮಥಾರೆಯ ಲೀಗು ಪ್ರತಿ ವಾರ ನಡೆಯುತ್ತದೆ, ವ್ಯತ್ಯಾಸ ಅಲ್ಲಿದೆ.

ಕೊಪ್ಪಳದಲ್ಲಿ ಮಾತಾಡುವವರೆಲ್ಲ ಅಶೋಕನನ್ನು ಎಳೆದು ತರುತ್ತಾರೆ, ನಾನು ತರಬಾರದೆಂದುಕೊಂಡಿದ್ದೆ. ಆದರೆ ಗವಿಮಠದ ಹೆಸರು ಬಂದ ಮೇಲೆ ಬಿಡಲಾಗದು. ಮಠದ ಬೆಟ್ಟದಲ್ಲಿ, ಪಾಲ್ಕಿಗುಂಡಿನಲ್ಲಿ ಇರುವ ಅಶೋಕನ ಬಂಡೆ ಬರಹಗಳು 1931ರಲ್ಲಿ ಬೆಳಕಿಗೆ ಬಂದವು. ದೊಡ್ಡವರಿಗಷ್ಟೇ ಸ್ವರ್ಗ ದಕ್ಕುವುದೆಂದಲ್ಲ, ಚಿಕ್ಕವನೂ ಪಟ್ಟುಹಿಡಿದರೆ ಅದನ್ನು ಪಡೆಯಬಲ್ಲ ಎಂಬುದು ಆ ಶಾಸನದ ತಿರುಳು. ಚಕ್ರವರ್ತಿಯ ಶಾಂತಿ ಯೋಜನೆಯಲ್ಲೂ ಚಿಕ್ಕವರಿಗೆ ಪಾಲಿತ್ತು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ಹಳ್ಳದ ಕೆಸರು ಬಿಟ್ಟರೆ ನಮ್ಮ ಹುಡುಗರು ಒಬ್ಬರನ್ನೊಬ್ಬರು ಅರಿಯುವುದು ಎಲ್ಲಿ? ಹಾಸ್ಟೆಲಿನಲ್ಲಿ ಎನ್ನುತ್ತೀರಿ. ಹಾಸ್ಟೆಲುಗಳನ್ನು ಗಮನಿಸಿ. ಸಮಾಜ ಕಲ್ಯಾಣದ್ದೊಂದು, ಪರಿಶಿಷ್ಟ ವರ್ಗದ್ದೊಂದು, ಹಿಂದುಳಿದ ವರ್ಗದ್ದೊಂದು, ಅಲ್ಪಸಂಖ್ಯಾತರದ್ದೊಂದು. ಇವು ಇಲ್ಲದಿದ್ದರೆ ನಮ್ಮ ಅರ್ಧಕ್ಕರ್ಧ ಮಕ್ಕಳು ಹತ್ತನೇ ಇಯತ್ತೆ ಕಾಣುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75ರಷ್ಟಿದ್ದಾಗ ಕೊಪ್ಪಳದ್ದು ಶೇ. 68. ಹಾಸ್ಟೆಲುಗಳನ್ನು ಯಾರೂ ಮುಟ್ಟಬಾರದು. ಆದರೆ ಹನ್ನೊಂದು ವರ್ಷಕ್ಕೆ ಒಳಗೆ ಹೋದ ಹುಡುಗ ಇಪ್ಪತ್ತೊಂದಕ್ಕೆ ಹೊರಗೆ ಬರುವವರೆಗೂ ಬಹುಪಾಲು ತನ್ನಂಥವರ ಜತೆಗೇ ಉಂಡು ಮಲಗಿರುತ್ತಾನೆ. ಬೇರೆಯವರ ಪರಿಚಯವಾಗುವುದು ಕಾರ್ಖಾನೆಯ ಗೇಟಿನಲ್ಲಿ, ಇಲ್ಲವೇ ಜಗಳದಲ್ಲಿ. ತಿಂಗಳಿಗೊಂದು ಭಾನುವಾರ ನಾಲ್ಕು ಹಾಸ್ಟೆಲಿನ ಹುಡುಗರು ಒಂದು ಮೆಸ್ಸಿನಲ್ಲಿ ಉಣ್ಣಲಿ, ಒಂದು ಮೈದಾನದಲ್ಲಿ ಬೆರೆಸಿದ ತಂಡಗಳಲ್ಲಿ ಆಡಲಿ. ಇದಕ್ಕೆ ಸಚಿವ ಸಂಪುಟದ ತೀರ್ಮಾನ ಬೇಕಿಲ್ಲ, ನಾಲ್ವರು ವಾರ್ಡನ್‌ಗಳು ಫೋನಿನಲ್ಲಿ ಮಾತಾಡಿಕೊಂಡರೆ ಸಾಕು.

ಹುಡುಗರ ಮಾತೇ ಬಹಳವಾಯಿತು. ಜಗಳ ಎಂದರೆ ಗಂಡುಮಕ್ಕಳದ್ದು ಎಂಬ ಲೆಕ್ಕಾಚಾರದಲ್ಲಿ ಹೆಣ್ಣುಮಕ್ಕಳು ಬಿಟ್ಟುಹೋಗುತ್ತಾರೆ. ಹುಲಿಗೆಮ್ಮನ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ ತಾಯಂದಿರು ನಮ್ಮ ಸುತ್ತಲಿನ ಊರುಗಳಲ್ಲಿ ಇದ್ದಾರೆ. ದೇವದಾಸಿ ಸಮರ್ಪಣೆಯನ್ನು 1982ರ ಕಾಯ್ದೆ ನಿಷೇಧಿಸಿತು. 1993–94 ಮತ್ತು 2007–08ರ ಸಮೀಕ್ಷೆಗಳು ಸೇರಿ ರಾಜ್ಯದಲ್ಲಿ 46,660 ಮಾಜಿ ದೇವದಾಸಿಯರನ್ನು ಗುರುತಿಸಿದವು. ಅವರ ಮಕ್ಕಳ ಪಾಲಿಗೆ ದೊಡ್ಡ ಕಂಟಕ ಯಾವುದು ಗೊತ್ತೆ? ಅರ್ಜಿಯಲ್ಲಿ ‘ತಂದೆಯ ಹೆಸರು’ ಎಂಬ ಒಂದು ಖಾಲಿ ಗೆರೆ. ಶಾಲೆಗೆ ಸೇರುವಾಗ, ಜಾತಿ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನಕ್ಕೆ, ಬ್ಯಾಂಕಿನಲ್ಲಿ, ಎಲ್ಲ ಕಡೆ ಆ ಗೆರೆ. ಕೌಂಟರಿನ ಆಚೆ ಕೂತವರು ಗಟ್ಟಿ ದನಿಯಲ್ಲಿ, “ಅಪ್ಪನ ಹೆಸರ ಹೇಳವ್ವ” ಅಂದಾಗ ಹಿಂದಿನ ಸಾಲಿನವರೆಲ್ಲ ತಿರುಗಿ ನೋಡುತ್ತಾರೆ. ಅಲ್ಲಿಂದ ವಾಪಸು ಹೋದ ಹುಡುಗಿ ಮತ್ತೆ ಬರುವುದಿಲ್ಲ. 2025ರಲ್ಲಿ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆ ತಂದೆಯ ಹೆಸರು ಹೇಳಲೇಬೇಕೆಂದು ಈ ಮಕ್ಕಳನ್ನು ಒತ್ತಾಯಿಸುವಂತಿಲ್ಲ ಎಂದು ಹೇಳುತ್ತದೆ. ಕೌಂಟರಿನವರೆಗೆ ಆ ಮಾತು ಮುಟ್ಟಿಸುವುದು ನಮ್ಮ ಕೆಲಸ.

ಬೆಂಗಳೂರಿನ ವಿಸ್ತಾರ್ ಸಂಸ್ಥೆ ಇಪ್ಪತ್ತು ವರ್ಷಗಳಷ್ಟು ಹಿಂದೆಯೇ ಇಂಥ ತಾಯಂದಿರ ಹೆಣ್ಣುಮಕ್ಕಳಿಗಾಗಿ ‘ಬಾಂಧವಿ’ ಎಂಬ ವಸತಿ ಕಾರ್ಯಕ್ರಮ ಶುರುಮಾಡಿತು. ಓದಿನ ಜತೆಗೆ ನಾಟಕ, ಹಾಡು ಇತ್ತು. ಮುಂದೆ ಜಬ್ಬಲಗುಡ್ಡದಲ್ಲಿ ಅವರ ರಂಗಶಾಲೆಯೂ ಬಂತು. ನಾಟಕ ಯಾಕೆ ಎಂದು ಕೆಲವರು ಮೂಗು ಮುರಿಯುತ್ತಾರೆ. ಹತ್ತು ಜನರೆದುರು ದನಿ ಎತ್ತರಿಸಿ ಮಾತಾಡಲು ಕಲಿತ ಹುಡುಗಿಯನ್ನು ಅಂಗವಸ್ತ್ರ ಹೊದ್ದ ಹಿರಿಯರು ಸುಲಭವಾಗಿ ಸುಮ್ಮನಿರಿಸಲಾರರು, ಅದಕ್ಕೆ ನಾಟಕ. ಕೆಎಚ್‌ಪಿಟಿ ಸಂಸ್ಥೆ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ‘ಸ್ಫೂರ್ತಿ’ ಕಾರ್ಯಕ್ರಮವೂ ಇದೇ ದಾರಿಯದು. ಊರಿನ ಹುಡುಗಿಯರಲ್ಲೇ ಕೆಲವರನ್ನು ಆರಿಸಿ, ಅವರನ್ನೇ ಉಳಿದವರಿಗೆ ಮುಂದಾಳುಗಳಾಗಿ ಬೆಳೆಸುವುದು. ಬಾಲ್ಯವಿವಾಹ ನಿಲ್ಲಿಸುವುದು, ಶಾಲೆ ಬಿಟ್ಟವಳನ್ನು ಮರಳಿ ಕಳಿಸುವುದು ಅವರ ಕೆಲಸ. ಇವರನ್ನು ಶಾಂತಿ ಸಭೆಗೆ ಯಾರಾದರೂ ಕರೆದದ್ದುಂಟೇ?

ಕೆಲಸದ ವಿಚಾರ ಬಹಳ ಹೇಳಬೇಕಿಲ್ಲ. ಬೇವಿನಹಳ್ಳಿ, ಗಿಣಿಗೇರಿಯ ಕಾರ್ಖಾನೆಗಳ ಹೊಗೆ ಕುಡಿಯುವವರು ನಾವು. ಗುತ್ತಿಗೆ ಕೂಲಿಗೆ ನಮ್ಮ ಹುಡುಗರು ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಕುಟುಂಬಗಳು ಮಂಗಳೂರು, ಬೆಂಗಳೂರು, ಗೋವಾಕ್ಕೆ ಗುಳೆ ಹೋಗುತ್ತವೆ. ಕೈಗೆ ಕೆಲಸವಿಲ್ಲದವನನ್ನು ಜಗಳಕ್ಕೆ ಕರೆಯುವುದು ಸುಲಭ, ಒಂದು ಊಟ ಒಂದು ಕ್ವಾರ್ಟರಿನ ಖರ್ಚು. ಆದರೆ ಕೆಲಸ ಸಿಕ್ಕಿದ ಕೂಡಲೇ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ನಾನು ನಂಬುವುದಿಲ್ಲ. ಬೆಂಗಳೂರಿನ ಕಟ್ಟಡದಲ್ಲಿ ಒಂದೇ ಗಾರೆ ಕಲಸಿ ಒಂದೇ ಶೆಡ್ಡಿನಲ್ಲಿ ಮಲಗಿದ ಇಬ್ಬರು ಊರಿನ ಅಗಸಿ ದಾಟಿದೊಡನೆ ಬೇರೆ ಬೇರೆ ಓಣಿಯವರಾಗುತ್ತಾರೆ. ಅಗಸಿಯ ಒಳಗೆ ಆಗಬೇಕಾದ ಕೆಲಸ ಅಗಸಿಯ ಒಳಗೇ ಆಗಬೇಕು.

ಹಾಗಾದರೆ ಏನು ಮಾಡೋಣ? ಇಲ್ಲಿ ಕೂತಿರುವ ಪಂಚಾಯಿತಿ ಸದಸ್ಯರಿಗೆ ಮೊದಲು. ನಿಮ್ಮ ಊರಿನ ಕ್ಷೌರದಂಗಡಿ, ಹೋಟೆಲುಗಳಿಗೆ ಪರವಾನಗಿ ಕೊಡುವವರು ನೀವು. ಎಲ್ಲರಿಗೂ ಸೇವೆ ಕೊಡುತ್ತೇನೆ ಎಂಬ ಷರತ್ತನ್ನು ಅದರಲ್ಲಿ ಬರೆಯಿರಿ. ಬರೆದು ಕೈತೊಳೆದುಕೊಳ್ಳಬೇಡಿ. ಷರತ್ತು ಪಾಲಿಸಿದವನ ಅಂಗಡಿಗೆ ಊರವರು ಬಹಿಷ್ಕಾರ ಹಾಕಿದರೆ ಮೊದಲು ನೀವೇ ಹೋಗಿ ಆ ಕುರ್ಚಿಯಲ್ಲಿ ಕೂರಿ. ಠಾಣೆಯವರಿಗೆ ಎರಡನೆಯದು. ಶಾಂತಿ ಸಭೆಯಲ್ಲಿ ಅರ್ಧ ಜಾಗ ಮೂವತ್ತರೊಳಗಿನವರಿಗೆ ಇರಲಿ, ಅದರಲ್ಲಿ ಅರ್ಧ ಹುಡುಗಿಯರಿಗೆ. ಹಬ್ಬವಿಲ್ಲದ ತಿಂಗಳಲ್ಲೂ ಸಭೆ ಕರೆಯಿರಿ, ಆಗ ನಿಜವಾದ ಮಾತು ಹೊರಬರುತ್ತದೆ. ಅರಿವು ಕೇಂದ್ರಗಳ ಬಾಗಿಲು ಸಂಜೆಯ ಹೊತ್ತು ತೆರೆದಿರಲಿ, ದುಡಿದು ಬರುವ ಹುಡುಗರಿಗೆ ಬಿಡುವು ಸಿಗುವುದೇ ಆಗ.

ಕೊನೆಯದಾಗಿ ದತ್ತಿಯ ಮನೆತನದವರಲ್ಲಿ ಒಂದು ಕೋರಿಕೆ. ಬರುವ ವರ್ಷ ಈ ದತ್ತಿಯ ಬಡ್ಡಿಯಲ್ಲಿ ನನ್ನಂಥವರನ್ನು ಕರೆಸಿ ಭಾಷಣ ಮಾಡಿಸಬೇಡಿ. ಹಿಟ್ನಾಳ ಹೋಬಳಿಯ ಊರುಗಳ ನಡುವೆ ಒಂದು ವಾಲಿಬಾಲ್ ಪಂದ್ಯಾವಳಿ ಇಡಿ, ಹುಡುಗಿಯರಿಗೆ ಖೋಖೋ ಇಡಿ. ನಿಯಮ ಎರಡೇ ಇರಲಿ. ಪ್ರತಿ ತಂಡದಲ್ಲಿ ಕನಿಷ್ಠ ಮೂರು ಓಣಿಯವರು ಇರಬೇಕು. ಊರಿನ ಒಂದು ಕೆರೆಯನ್ನೋ ಚರಂಡಿಯನ್ನೋ ಕೂಡಿ ತೆಗೆದ ತಂಡಕ್ಕೆ ಅದರದ್ದೂ ಅಂಕ ಸಿಗಬೇಕು. ದತ್ತಿಯ ಕರಾರಿನಲ್ಲಿ ‘ಉಪನ್ಯಾಸ’ ಎಂದೇ ಬರೆದಿದೆಯಲ್ಲ ಎಂದು ಕಾರ್ಯದರ್ಶಿಗಳು ಕೇಳಬಹುದು. ವಾಲಿಬಾಲ್ ಫೈನಲ್ ಪಂದ್ಯಕ್ಕೆ ಮುಂಚೆ ಖೋಖೋದಲ್ಲಿ ಗೆದ್ದ ತಂಡದ ಒಬ್ಬ ಹುಡುಗಿಯಿಂದ ಐದು ನಿಮಿಷ ಮಾತಾಡಿಸಿ, ಕರಾರು ಪೂರೈಸುತ್ತದೆ. ಇಂದು ನನಗೆ ಕೊಡಬೇಕೆಂದಿರುವ ಗೌರವಧನವನ್ನು ಮೊದಲ ಚೆಂಡಿಗೂ ನೆಟ್ಟಿಗೂ ಇಟ್ಟುಕೊಳ್ಳಿ.